ಬಳೆಗೆ ಬ್ಯಾಂಡೇಜು ಸುತ್ತುವ ಸಣ್ಣಿ

ಬೆಳಿಗ್ಗೆ ಆರೂಕಾಲು. ಹಳದೀಪುರದಿಂದ ಮೊದಲ ಬಸ್ಸಿಗೆ ಬಂದ ಸಣ್ಣಿ ಗೌಡ, ಹೊನ್ನಾವರದ ಹೆದ್ದಾರಿ ಪಕ್ಕದ ಮನೋವೈದ್ಯರ ಆಸ್ಪತ್ರೆಯ ಹಿಂಬಾಗಿಲಿನಿಂದ ಒಳಗೆ ಹೋಗುತ್ತಾರೆ. ಒಳಕೋಣೆಯ ಪರದೆ ಎಳೆದು, ಹಾಸಿಗೆಯ ಬಟ್ಟೆ ಬದಲಿಸಿ, ಗೋಡೆ ಗಡಿಯಾರವನ್ನು ಇಳಿಸಿ ಹೊರಗಿಡುತ್ತಾರೆ. ಅದರ ಟಿಕ್ ಟಿಕ್ ಇಲ್ಲಿ ಮಲಗಿದವರಿಗೆ ಕೆಲವೊಮ್ಮೆ ಸುತ್ತಿಗೆ ಏಟಿನಂತೆ ಕೇಳಿಸುತ್ತದೆಯಂತೆ. ಆಮೇಲೆ ಸ್ಟೂಲಿನ ಮೇಲೆ ಕೂತು, ಕೈತುಂಬ ಇರುವ ಗಾಜಿನ ಬಳೆಗಳನ್ನು ಒತ್ತಾಗಿ ಸೇರಿಸಿ, ಮೇಲಿನಿಂದ ಬಿಳಿ ಬ್ಯಾಂಡೇಜು ಬಟ್ಟೆ ಸುತ್ತತೊಡಗುತ್ತಾರೆ. ಕೊನೆಯ ಗಂಟಿಗೆ ಹಲ್ಲಿನ ಸಹಾಯ ಬೇಕು.

“ಬಳೆ ತೆಗ್ದಿಡು ಅಂದ್ರು ಡಾಕ್ಟ್ರು. ಗಂಡ ಬದ್ಕಿದಾನೆ, ಬರಿಗೈಲಿ ಕೂರುಕೆ ಆತದ್ಯೆ? ಸದ್ದಾಗದಿದ್ರೆ ಸಾಕಲ್ಲ, ಅಂದೆ. ಬಿಚ್ಚೂದು ಮರ್ತು ಬಸ್ ಹತ್ತಿದ್ರೆ ಎಲ್ಲಾ ಕೇಳ್ತ್ರು, ಎರಡೂ ಕೈ ಮುರ್ಕಂಡ್ಯನೆ ಮಾರಾಯ್ತಿ ಅಂತ,” ನಗುತ್ತಾರೆ.

ಮಂಗಳವಾರ ಮತ್ತು ಶುಕ್ರವಾರ ಈ ಕೋಣೆಯಲ್ಲಿ ಕೆಟಮಿನ್ ಚಿಕಿತ್ಸೆ. ಆಪರೇಶನ್ನಿನಲ್ಲಿ ಅರಿವಳಿಕೆಗೆ ಬಳಸುವ ಮದ್ದೇ ಇದು. ಇಲ್ಲಿ ಪ್ರಮಾಣ ತೀರ ಕಡಿಮೆ. ಬೇರೆ ಮಾತ್ರೆಗಳಿಂದ ಖಿನ್ನತೆ ಇಳಿಯದವರಿಗೆ, ತಪಾಸಣೆ ಮಾಡಿ ಆರಿಸಿ ಕೊಡುತ್ತಾರೆ. ನಲವತ್ತು ನಿಮಿಷ ಹನಿಹನಿಯಾಗಿ ನರದೊಳಗೆ ಇಳಿಯುವ ಈ ಮದ್ದು ಕೊಡುವುದು ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಮೈ ಹಾಸಿಗೆಯಲ್ಲಿದ್ದರೂ ತಾನು ಸೂರಿನ ಹತ್ತಿರ ತೇಲಿದಂತೆ ಅನಿಸುತ್ತದೆ ಎನ್ನುತ್ತಾರೆ ಕೆಲವರು. ಮದ್ದು ಹಾಕುವುದು ಅರಿವಳಿಕೆ ತಜ್ಞೆ ಗಾಯತ್ರಿ ಮೇಡಂ, ಬಿ.ಪಿ. ನೋಡುವುದು ಸಿಸ್ಟರ್ ಉಮಾ. ಸಣ್ಣಿಯ ಕೆಲಸ ಪಕ್ಕದಲ್ಲಿ ಕೂರುವುದು. ಕೈ ಚಾಚಿದರೆ ಹಿಡಿಯಬೇಕು, ವಾಂತಿ ಬಂದರೆ ಬಟ್ಟಲು ಒಡ್ಡಬೇಕು, ಮುಂದಿನ ಎರಡು ತಾಸು ಅವರು ಎದ್ದು ಬೀಳದಂತೆ ನೋಡಿಕೊಳ್ಳಬೇಕು. ಒಬ್ಬೊಬ್ಬರಿಗೆ ಆರು ಸರದಿ, ದಿನಕ್ಕೆ ಹೆಚ್ಚೆಂದರೆ ಮೂವರು. ಎರಡು ವರ್ಷದಲ್ಲಿ ಹೀಗೆ ಅರವತ್ತೊಂದು ಮಂದಿಯ ಪಕ್ಕದಲ್ಲಿ ಅವರು ಕೂತಿದ್ದಾರೆ. ಹಾಜರಿ ಪುಸ್ತಕದಲ್ಲಿ ಮಾತ್ರ ಅವರ ಹೆಸರಿನ ಮುಂದೆ ಈಗಲೂ ಇರುವುದು ‘ಸ್ವಚ್ಛತೆ’ ಎಂದೇ.

ಈ ಮದ್ದಿನ ಪರಿಚಯ ಸಣ್ಣಿಗೆ ಹಳೆಯದು. ಹನ್ನೆರಡು ವರ್ಷದ ಹಿಂದೆ ಗಂಡ ಚೌಡ ತೆಂಗಿನಮರದಿಂದ ಬಿದ್ದು ಕಾಲು ಮುರಿದುಕೊಂಡಾಗ, ಮೂಳೆ ಕೂರಿಸುವ ಮೊದಲು ಇದನ್ನೇ ಚುಚ್ಚಿದ್ದರು. “ಎಚ್ಚರಾಗಿ ನನ್ನ ಮುಖ ನೋಡಿ, ನೀ ಯಾರೆ ಅಂದ. ಹದ್ನಾಲ್ಕು ವರ್ಷ ಅನ್ನ ಹಾಕಿದವ್ಳ ಹತ್ರ!” ಚೌಡ ಮತ್ತೆ ಮರ ಹತ್ತಲಿಲ್ಲ. ನಾಟಿ, ಕಳೆ ಕೀಳುವ ಕೆಲಸ ವರ್ಷವಿಡೀ ಸಿಗುವುದಿಲ್ಲವೆಂದು ಸಣ್ಣಿ ಈ ಆಸ್ಪತ್ರೆಯಲ್ಲಿ ನೆಲ ಒರೆಸಲು ಸೇರಿದರು. ಕಾಲಿಗೆ ಕೊಟ್ಟ ಮದ್ದು ಮನಸ್ಸಿಗೆ ಹೇಗೆ ಆಗುತ್ತದೆ ಎನ್ನುವುದು ಅವರಿಗೆ ಇವತ್ತಿಗೂ ಬಗೆಹರಿದಿಲ್ಲ. “ಆರು ಸಲ ತಗಂಡು, ಮಾತೇ ಇಲ್ದವ್ರು ಬಸ್ಸಿನ ಟೈಮು ಕೇಳಿ ಹೋದದ್ದು ನೋಡಿದೆ. ಆರು ಸಲ ತಗಂಡೂ ಹಂಗೇ ಗೋಡೆ ನೋಡ್ತಾ ಹೋದವ್ರೂ ಇದ್ರು. ಎಂತ ಹೇಳುದು?”

ಅವರ ಗೊಂದಲ ಅಷ್ಟಕ್ಕೇ ನಿಲ್ಲುವುದಿಲ್ಲ. ಅದರಲ್ಲಿ ಅವರದೇ ಒಂದು ತಪ್ಪೂ ಸೇರಿಕೊಂಡಿದೆ.

ಶಿರಾಲಿ ಕಡೆಯ ಶಾಲಾ ಶಿಕ್ಷಕಿಯೊಬ್ಬರು, ಸಣ್ಣಿಯ ಬಾಯಲ್ಲಿ ‘ಅಕ್ಕೋರು’. ಇಲ್ಲಿ ಮಾಲಿನಿ ಎನ್ನೋಣ. ಇದನ್ನು ಬರೆಯಲು ಅವರ ಒಪ್ಪಿಗೆಯಿದೆ. “ಹೆಂಗೂ ಊರಿಗೆಲ್ಲ ಗೊತ್ತಾಗಿದೆ, ಬರೆಯೋದಾದ್ರೆ ಸರಿಯಾಗಿ ಬರೀರಿ” ಎಂದಿದ್ದಾರೆ. ಮೂರು ತಿಂಗಳ ಹಿಂದೆ ಅವರ ಎರಡನೆಯ ಸರದಿಯ ದಿನ, ಉಮಾ ಒಂದು ಗಳಿಗೆ ಪಕ್ಕದ ಕೋಣೆಗೆ ಹೋಗಿದ್ದರು. ಮಾಲಿನಿ ಕಣ್ಣು ಅರೆತೆರೆದು ಏನೋ ಗೊಣಗಿದರು. ಸಣ್ಣಿಯ ಊರಿನಲ್ಲಿ ಮೈಮೇಲೆ ಭಾರ, ಅಂದರೆ ದೇವರೋ ಸತ್ತವರೋ, ಬಂದವರು ಹೀಗೇ ನೋಡುತ್ತಾರೆ, ಹೀಗೇ ಮಾತಾಡುತ್ತಾರೆ. ಆಗ ಎದುರಿದ್ದವರು ಕೈಮುಗಿದು ಕೇಳಬೇಕು, ಬಂದ ಉತ್ತರವನ್ನು ಮನೆಯವರಿಗೆ ಮುಟ್ಟಿಸಬೇಕು. ಸಣ್ಣಿಯ ಬ್ಯಾಂಡೇಜು ಸುತ್ತಿದ ಕೈಗಳು ತಾವಾಗಿಯೇ ಜೋಡಿದವು.

“ಎಂತ ಬೇಕು ತಾಯೆ?”

“ಅಮ್ಮ ಬಾವಿಕಟ್ಟೆ ಮೇಲೆ ಕೂತಿದ್ದಾಳೆ,” ಎಂದರು ಮಾಲಿನಿ. “ಯಾರೂ ಅವಳಿಗೆ ಉಣ್ಣುಕೆ ಹಾಕ್ಲಿಲ್ಲ.”

ಮಾಲಿನಿಯ ತಾಯಿ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ಸಣ್ಣಿ ಹೊರಗೆ ಬಂದು, ಬೆಂಚಿನ ಮೇಲಿದ್ದ ಮಾಲಿನಿಯ ಅತ್ತೆ ಗಂಗಾ ಅವರಿಗೆ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದರು.

ಅದರ ಪರಿಣಾಮ, ಮಾಲಿನಿ ಮುಂದಿನ ಸರದಿಗೆ ಬಾರದೆ ಉಮಾ ಫೋನ್ ಮಾಡಿ ವಿಚಾರಿಸಿದಾಗಲೇ ತಿಳಿದದ್ದು. ಗಂಗಾ ಶನಿವಾರ ಶನಿವಾರ ಬಾವಿಕಟ್ಟೆಯ ಮೇಲೆ ಎಲೆ ಹಾಕಿ ಬಡಿಸತೊಡಗಿದ್ದರು. ಎಲೆಯ ಮುಂದೆ ಸೊಸೆ ಕೈಮುಗಿದು ನಿಲ್ಲಬೇಕು. ಅಕ್ಕಪಕ್ಕದವರು ಬೇಲಿಗೆ ಬಂದು ನೋಡುವರು. ತಾನು ಅಂಥ ಮಾತು ಆಡಿದ್ದೇ ಮಾಲಿನಿಗೆ ನೆನಪಿಲ್ಲ. ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದ, ಅಮ್ಮನನ್ನು ಕಳೆದುಕೊಂಡ ದುಃಖ ಈಗ ಓಣಿಯ ಬಾಯಲ್ಲಿ. ಅವರು ಶಾಲೆಗೆ ರಜೆ ಹಾಕಿದರು, ಕೋಣೆಯ ಚಿಲಕ ಹಾಕಿಕೊಂಡರು. ಉಳಿದ ನಾಲ್ಕು ಸರದಿಗೆ ಬರಲೇ ಇಲ್ಲ.

ಆಸ್ಪತ್ರೆಯ ಮನೋವೈದ್ಯ ಡಾ. ಸುಹಾಸ ಸಣ್ಣಿಯನ್ನು ಕೆಲಸದಿಂದ ತೆಗೆಯಲಿಲ್ಲ. ಎದುರಿಗೆ ಕೂರಿಸಿಕೊಂಡು, ಈ ಕೋಣೆಯಲ್ಲಿ ಕೇಳಿದ್ದು ಈ ಕೋಣೆಯಲ್ಲೇ ಇರಬೇಕು ಎಂದರು. ಮದ್ದಿನಲ್ಲಿದ್ದವರನ್ನು ಪ್ರಶ್ನೆ ಕೇಳಬಾರದು. ಅವರ ಮಾತನ್ನು ಸುಳ್ಳು ಅಂತಲೂ ತಿಳಿಯಬಾರದು, ನಿಜ ಅಂತಲೂ ತಿಳಿಯಬಾರದು ಎಂದರು.

“ಸುಳ್ಳೂ ಅಲ್ಲ, ಖರೆನೂ ಅಲ್ಲ ಅಂದ್ರೆ ಮತ್ತೆಂತ ಅದು?” ಸಣ್ಣಿ ಇಂದಿಗೂ ಕೇಳುತ್ತಾರೆ. “ಮದ್ದಿಗೆ ಬರುವವ್ರು ಬೆಳಗಿಂದ ಎಂತೂ ತಿಂದಿರೂದಿಲ್ಲ. ಅಕ್ಕೋರ ಹೊಟ್ಟೆನೂ ಖಾಲಿನೇ ಇತ್ತು. ಹಸಿವು ಅವ್ರಮ್ಮಂದಾ, ಅವ್ರದಾ? ಅದ್ನ ನಾ ಆಗ್ಲೇ ಯೋಚ್ನೆ ಮಾಡಿದ್ರೆ ಆತಿತ್ತು.” ಮೂರು ತಿಂಗಳು, ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ, ಶಿರಾಲಿ ದಾಟಿ ಬರುವ ಭಟ್ಕಳ ಕಡೆಯ ಬಸ್ಸು ನಿಂತಾಗಲೆಲ್ಲ ಅವರು ಕಿಟಕಿಯ ಪರದೆ ಸರಿಸಿ ನೋಡಿದ್ದಾರೆ. ಅವರಿಗೆ ಬೇಕಾಗಿದ್ದದ್ದು ಕ್ಷಮೆಯಲ್ಲ. ಅಕ್ಕೋರು ಒಮ್ಮೆ ಬಂದು ಮದ್ದು ಪೂರ್ತಿ ಮಾಡಿಕೊಂಡು ಹೋದರೆ ಸಾಕಾಗಿತ್ತು.

ಕಳೆದ ಶುಕ್ರವಾರ ಬೆಳಿಗ್ಗೆ ಸಣ್ಣಿ ಬ್ಯಾಂಡೇಜು ಸುತ್ತುತ್ತಿದ್ದಾಗ ಮಾಲಿನಿ ಬಾಗಿಲಲ್ಲಿ ನಿಂತಿದ್ದರು. ಜೊತೆಗೆ ಗಂಡ ನಿತ್ಯಾನಂದ ಮಾತ್ರ. ಸಣ್ಣಿಯ ಬಾಯಲ್ಲಿದ್ದ ಬಟ್ಟೆಯ ತುದಿ ಜಾರಿತು.

“ಬೈರಿ ಅಕ್ಕೋರೆ.”

“ಬೈಯುಕೆ ಶಕ್ತಿ ಇದ್ದಿದ್ರೆ ಇಲ್ಲಿಗೆ ಯಾಕೆ ಬರ್ತಿದ್ದೆ?”

ಇವತ್ತು ತಾನೇ ಕೂರುತ್ತೇನೆ ಎಂದು ಉಮಾ ಮುಂದೆ ಬಂದರು. ಮಾಲಿನಿ ಬೇಡವೆಂದರು. “ಇವರೇ ಇರ್ಲಿ. ಆದ್ರೆ ಅದನ್ನ ಬಿಚ್ಚಿ, ಸಣ್ಣಕ್ಕ.”

“ಬಳೆ ಸದ್ದಾತದೆ ಅಕ್ಕೋರೆ.”

“ಆಗ್ಲಿ. ನೀವು ಬಾಗಿಲ ಕಡೆ ಎದ್ದು ಹೋದ್ರೆ ನಂಗೆ ಕೇಳ್ಬೇಕು.”

ಸಣ್ಣಿ ಸುತ್ತಿದ್ದನ್ನೆಲ್ಲ ಬಿಚ್ಚಿ, ಬಟ್ಟೆಯನ್ನು ಮಡಚಿ ಸ್ಟೂಲಿನ ಕೆಳಗಿಟ್ಟು ಕೂತರು. ಹನಿ ಇಳಿಯತೊಡಗಿತು. ಸ್ವಲ್ಪ ಹೊತ್ತಿಗೆ ಮಾಲಿನಿ ಕೈ ಚಾಚಿದರು, ಸಣ್ಣಿ ಹಿಡಿದರು. ಅರ್ಧಕ್ಕೆ ಬಂದಾಗ ಮಾಲಿನಿ ಮತ್ತೆ ಮಾತಾಡಿದರು.

ಈ ಸಲ ಮದ್ದು ಹಿಡಿಯಿತೇ ಎಂದು ಡಾಕ್ಟರೂ ಈಗಲೇ ಹೇಳಲಾರರು. ಮಂಗಳವಾರದ ಪಟ್ಟಿಯಲ್ಲಿ ಮಾಲಿನಿಯ ಹೆಸರಿದೆ. ಆ ದಿನ ಅವರು ಏನೆಂದರು ಎಂದು ಕೇಳಿದರೆ ಸಣ್ಣಿ ಅಡ್ಡಡ್ಡ ತಲೆಯಾಡಿಸುತ್ತಾರೆ. ಆಮೇಲೆ ಎರಡೂ ಕೈ ಮುಂದೆ ಹಿಡಿದು ತೋರಿಸುತ್ತಾರೆ.

“ಅದ್ನ ಕೇಳ್ಬೇಡಿ. ಬಳೆ ವಿಷ್ಯ ಬೇಕಾದ್ರೆ ಹೇಳ್ತೆ. ಹದ್ನಾಲ್ಕು ಬಳೆ, ನಲ್ವತ್ತು ನಿಮಿಷ. ಒಂದೂ ಸದ್ದು ಮಾಡ್ಲಿಲ್ಲ.”