ಹಲ್ಲು ಕಚ್ಚಿದ ಮೂರು ನಿಮಿಷ

ಹೋದ ತಿಂಗಳು ರಕ್ತ ಪರೀಕ್ಷೆಗೆಂದು ಲ್ಯಾಬಿಗೆ ಹೋಗಿದ್ದೆ. ಅಲ್ಲಿಯ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತೋಳಿಗೆ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಒಂದು ಹಣೆ ಕಣ್ಣೆದುರು ಬಂತು. ಮೂರು ಬೆರಳಗಲ ವಿಭೂತಿ ಧರಿಸಿದ್ದ ಹಣೆ. ಅದನ್ನು ಇಂಥದೇ ಹತ್ತಿಯಿಂದ ನಾನೇ ಒರೆಸಿ ಅಳಿಸಿದ್ದೆ...

ಅವರು ಜಂಗಮರು, ಎಲ್ಲರೂ ಅಯ್ನೋರು ಎನ್ನುತ್ತಿದ್ದರು. ಶಿರಾ ಗೇಟ್ ಹತ್ತಿರ ಪೂಜೆ ಸಾಮಾನಿನ ಅಂಗಡಿ ಇಟ್ಟಿದ್ದರು. ಮೂಲ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆ. ಅವರ ಭಕ್ತರ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಕ್ರಿಯೆ ಮಾಡಿಸಲು ಅವರೇ ಹೋಗಬೇಕು. ದೇಹವನ್ನು ಕೂರಿಸಿ ಗುಣಿಗೆ ಇಳಿಸುವವರೆಗೂ ಅವರದೇ ಮುಂದಾಳತ್ವ. ಯಾರಾದರೂ ಗೋಳಾಡಿದರೆ ಗದರಿಬಿಡುತ್ತಿದ್ದರು: "ಶಿವನ ತಾವ ಹೊಂಟವ್ರೆ. ಅತ್ತು ಯಾಕ್ ಹಿಂದಕ್ಕೆ ಎಳೀತೀರಾ?"

ನಾನಾಗ ಯೂನಿವರ್ಸಿಟಿಯೊಂದರ ಸಂಶೋಧನೆಯಲ್ಲಿ ಕೆಲಸ ಮಾಡುತ್ತಿದ್ದೆ. ಭಾವನೆಗಳು ಉಕ್ಕಿದಾಗ ಮೆದುಳಿನಲ್ಲಿ ಏನಾಗುತ್ತದೆ ಎಂಬ ಅಧ್ಯಯನ. ಅರವತ್ತು ದಾಟಿದ ಸ್ವಯಂಸೇವಕರು ಬೇಕಾಗಿದ್ದರು. ಅಯ್ನೋರ ಅಂಗಡಿಯ ಬಾಗಿಲಿಗೂ ಒಂದು ನೋಟಿಸ್ ಅಂಟಿಸಿ ಬಂದೆ. ಮೂರನೇ ದಿನ ಅವರೇ ನಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಶುಭ್ರ ಪಂಚೆ, ಕೈಯಲ್ಲಿ ನಮ್ಮ ನೋಟಿಸು.

ಒಪ್ಪಿಗೆ ಪತ್ರವನ್ನು ಒಂದಕ್ಷರ ಬಿಡದೆ ಓದಿ ಹೇಳಿದೆ. ಯಾರ ಫಲಿತಾಂಶವನ್ನೂ ಬೇರೆಯಾಗಿ ಕೊಡುವುದಿಲ್ಲ ಎಂಬುದನ್ನೂ ಹೇಳಿದೆ. ಅವರ ಮಂತ್ರಕ್ಕೆ ಭಕ್ತರು ತಲೆಯಾಡಿಸುವ ಹಾಗೆ ಅವರೂ ತಲೆಯಾಡಿಸಿ ಸೈನ್ ಹಾಕಿದರು. ನನಗೂ ಅಷ್ಟೇ ಬೇಕಿತ್ತು.

ಮೆದುಳಿನ ಅಲೆಗಳನ್ನು ಗೆರೆಗಳಾಗಿ ಹಿಡಿಯಲು ತಲೆಗೆ ವೈರುಗಳ ಟೋಪಿ ಹಾಕಬೇಕು, ಹಣೆಗೂ ಎರಡು ವೈರು ಅಂಟಿಸಬೇಕು. ವಿಭೂತಿ ಇದ್ದರೆ ಅಂಟುವುದಿಲ್ಲ. ಹೇಳಿದಾಗ ಅವರು ಹಣೆ ಮುಟ್ಟಿ ನೋಡಿಕೊಂಡರು. "ಬುದ್ಧಿ ಬಂದಾಗಿಂದ ಈ ಹಣೆ ಖಾಲಿ ಇಟ್ಟೋನಲ್ಲ ತಾಯಿ... ಹೂಂ, ಒರಸು" ಎಂದು ಕಣ್ಣು ಮುಚ್ಚಿಕೊಂಡರು.

ಟೋಪಿಯ ಒಂದೊಂದು ತೂತಿಗೂ ಜೆಲ್ ತುಂಬಲು ಅರ್ಧ ಗಂಟೆಯಾದರೂ ಬೇಕು. ಕಟಿಂಗ್ ಶಾಪಿನಲ್ಲಿ ಕೂತಂತೆ ಜನ ಬಾಯಿ ಬಿಡುವುದು ಆಗಲೇ. ಅಯ್ನೋರೂ ಹೇಳಿಕೊಂಡರು. ಹೆಂಡತಿ ತೀರಿಕೊಂಡು ಆಗ ವರ್ಷವಾಗಿತ್ತು. ಕ್ರಿಯೆಯನ್ನು ಬೇರೆಯವರಿಗೆ ಬಿಡದೆ ತಾವೇ ಮಾಡಿಸಿದ್ದರು. ಅವ್ವನನ್ನು ತಬ್ಬಿಕೊಂಡು ಅಳುತ್ತಿದ್ದ ಒಬ್ಬಳೇ ಮಗಳ ಕೈ ಬಿಡಿಸಿ, ಪರರ ಮನೆಯಲ್ಲಿ ಗದರುವಂತೆಯೇ ಗದರಿದ್ದರು. ತಾವಂತೂ ಒಂದು ಹನಿ ಹಾಕಲಿಲ್ಲ, ದನಿಯೂ ನಡುಗಲಿಲ್ಲ. ಅಪ್ಪನಿಗೆ ಅವ್ವ ಸತ್ತ ದುಃಖವೇ ಇಲ್ಲ ಎಂದು ಮಗಳು ಮಾತು ಬಿಟ್ಟಳು. ಹುತ್ರಿದುರ್ಗದ ಗಂಡನ ಮನೆಗೆ ಇವರು ಹೋದರೆ ಕಾಫಿ ಲೋಟ ಇಟ್ಟು ಒಳಗೆ ಹೋಗಿಬಿಡುತ್ತಿದ್ದಳಂತೆ.

"ನಿಮ್ಮ ಮಿಷನ್ನಲ್ಲಿ ಸಂಕಟ ಕಾಣ್ಸುತ್ತಂತಲ್ಲ. ಒಂದು ಚೀಟಿ ಬರ್ಕೊಡವ್ವ. ನನ್ನ ಮಗಳಿಗೆ ತೋರಿಸ್ಬೇಕು."

ಅದು ದುಃಖ ಅಳೆಯುವ ಮಿಷನ್ ಅಲ್ಲ, ಹತ್ತಾರು ಜನರ ಗೆರೆಗಳನ್ನು ಒಟ್ಟುಗೂಡಿಸಿದ ಮೇಲೆ ಏನೋ ಒಂದಿಷ್ಟು ತಿಳಿಯುತ್ತದೆ ಎಂದು ಆಗಲೇ ಹೇಳಬೇಕಿತ್ತು. ಹೇಳಿದರೆ ಎದ್ದು ಹೋಗಿಬಿಡುತ್ತಾರೆ, ನನ್ನ ಲೆಕ್ಕಕ್ಕೆ ಒಬ್ಬರು ಕಮ್ಮಿಯಾಗುತ್ತಾರೆ. "ನೋಡೋಣ ಅಯ್ನೋರೆ" ಎಂದೆ.

ಮೊದಲು ಪರದೆಯ ಮೇಲೆ ಚಿತ್ರಗಳು. ಆಗ ಗೆರೆಗಳು ಸಣ್ಣಗೆ, ನೀಟಾಗಿ ಓಡಿದವು. ಆಮೇಲೆ ಕಣ್ಣು ಮುಚ್ಚಿ, ಬದುಕಿನ ಅತ್ಯಂತ ದುಃಖದ ದಿನವನ್ನು ಮೂರು ನಿಮಿಷ ನೆನೆಯಬೇಕು. ಶುರುವಾದ ಕೂಡಲೇ ನನ್ನ ಕಂಪ್ಯೂಟರಿನಲ್ಲಿ ಎಲ್ಲ ಗೆರೆಗಳೂ ಎದ್ದು, ಒಂದರ ಮೇಲೊಂದು ಬಿದ್ದು, ಪರದೆ ಪೂರಾ ಕಪ್ಪು ಗೀಚು. ದವಡೆ ಬಿಗಿದರೆ ಹಾಗಾಗುತ್ತದೆ.

"ಹಲ್ಲು ಕಚ್ಬೇಡಿ ಅಯ್ನೋರೆ."

"ಕಚ್ತಿಲ್ವಲ್ಲ ತಾಯಿ."

ಕಚ್ಚಿದ್ದರು. ದವಡೆಯ ಗಂಟು ಎದ್ದು ಕಾಣುತ್ತಿತ್ತು. ಕುರ್ಚಿಯ ಕೈ ಹಿಡಿದ ಬೆರಳು ಬೆಳ್ಳಗಾಗಿದ್ದವು. ಮತ್ತೆ ಮಾಡಿಸಿದೆ, ಮತ್ತೂ ಹಾಗೇ. ನನಗೆ ಸಿಟ್ಟು ಬಂತು. ಅಷ್ಟು ಹೊತ್ತಿನ ಜೆಲ್ಲು, ಕೆಲಸ ಎಲ್ಲ ದಂಡವಾಯಿತಲ್ಲ ಎಂಬ ಸಿಟ್ಟು. ಅವರ ಹಾಳೆಯ ಮೇಲೆ "ಸ್ನಾಯು ಬಿಗಿತ, ಕೈಬಿಡಲಾಗಿದೆ" ಎಂದು ಬರೆದೆ. ಅದೇ ನಿಯಮ.

ಟೋಪಿ ಬಿಚ್ಚಿ ಸಿಂಕಿನಲ್ಲಿ ತೊಳೆಯುತ್ತಿದ್ದೆ. ಹಿಂದಿನಿಂದ ಅವರು ಕೇಳಿದರು, "ಏನಾದ್ರೂ ಬಂತಾ ತಾಯಿ?"

ನಾನು ತಿರುಗಿ ಕೂಡ ನೋಡಲಿಲ್ಲ. "ಇಲ್ಲ ಅಯ್ನೋರೆ, ನಿಮ್ಮದ್ರಲ್ಲಿ ಏನೂ ಸಿಗ್ಲಿಲ್ಲ."

ಅವರು ಸೊಂಟದ ಸಂಚಿಯಿಂದ ವಿಭೂತಿ ತೆಗೆದು, ಮತ್ತೆ ಧರಿಸಿ, ಕೈಮುಗಿದು ಹೊರಟುಹೋದರು.

ಚಿತ್ರ ನೋಡುವಾಗ ಸಡಿಲವಾಗಿದ್ದ ಮನುಷ್ಯ ಆ ಮೂರೇ ನಿಮಿಷ ಯಾಕೆ ಹಾಗೆ ಬಿಗಿದುಕೊಂಡರು ಎಂದು ಯೋಚಿಸುವ ವ್ಯವಧಾನ ನನಗಿರಲಿಲ್ಲ. ಮಿಷನ್ನು ಹೇಳದಿದ್ದರೆ ಹೋಗಲಿ, ನನಗೆ ಕಣ್ಣಿತ್ತಲ್ಲ. ತಡೆದು ತಡೆದು ಅಭ್ಯಾಸವಾದ ಅಳು, ತಡೆಯುತ್ತಿದ್ದೇನೆಂದು ಅವರಿಗೇ ಗೊತ್ತಿರಲಿಲ್ಲ. ಇದು ನನಗೆ ಹೊಳೆದದ್ದು ನನ್ನ ಅಪ್ಪ ತೀರಿಕೊಂಡ ಮೇಲೆ. ಅಷ್ಟು ಹೊತ್ತಿಗೆ ಯೋಜನೆ ಮುಗಿದಿತ್ತು, ನಾನು ಬೇರೆ ಕೆಲಸ ಹಿಡಿದಿದ್ದೆ. ಇವತ್ತು ಹೋಗೋಣ, ನಾಳೆ ಹೋಗೋಣ ಎಂದು ವರ್ಷಗಳು ಹೋದವು...

ರಕ್ತ ಪರೀಕ್ಷೆಯ ಲ್ಯಾಬಿನಿಂದ ಸೀದಾ ಶಿರಾ ಗೇಟಿಗೆ ಹೋದೆ. ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಅಯ್ನೋರು ತೀರಿಕೊಂಡು ಎರಡು ವರ್ಷವಾಯಿತಂತೆ. ಮಗಳ ಮನೆ ವಿಚಾರಿಸಿಕೊಂಡು, ಮುಂದಿನ ಭಾನುವಾರ ಕುಣಿಗಲ್ ಬಸ್ ಹತ್ತಿ, ಅಲ್ಲಿಂದ ಹುತ್ರಿದುರ್ಗಕ್ಕೆ ಹೋದೆ. ಯಾರ ವಿಷಯವನ್ನೂ ಹೊರಗೆ ಹೇಳಬಾರದೆಂಬ ನಿಯಮವನ್ನು ಮುರಿದು, ಆಕೆಯ ಮುಂದೆ ಎಲ್ಲ ಹೇಳಿದೆ. ಆ ದವಡೆ, ಆ ಬೆರಳು, ನಾನು ಬರೆದ ಸಾಲು.

ಆಕೆ ತಾವು ಕೂತಿದ್ದ ಜಗಲಿಯನ್ನು ಅಂಗೈಯಿಂದ ಸವರಿದರು.

"ಅವತ್ತೇ ಸಾಯಂಕಾಲ ಇಲ್ಲಿಗ್ ಬಂದಿದ್ರು ಮೇಡಂ. ಇದೇ ಜಗಲೀಲಿ ಕೂತು, 'ಮಿಷನ್ನಲ್ಲೂ ನೋಡ್ಸ್ಕೊಂಡ್ ಬಂದೆ ಕಣವ್ವ, ನನ್ನೊಳಗೆ ಏನೂ ಇಲ್ವಂತೆ. ನೀ ಹೇಳಿದ್ದೇ ನಿಜ' ಅಂದ್ರು. ನಾನೂ ನಂಬ್ಬುಟ್ಟೆ. ಅವರನ್ನ ಮಣ್ಣು ಮಾಡೋವಾಗ್ಲೂ ಅಳ್ಲಿಲ್ಲ."

ತಪ್ಪಾಯಿತು, ಕ್ಷಮಿಸಿ ಎಂದೆ.

"ನನ್ನ ಯಾಕ್ ಕೇಳ್ತೀರಾ ಮೇಡಂ?" ಎಂದರು ಆಕೆ. ಯಾರನ್ನು ಕೇಳಬೇಕಿತ್ತೋ ಅವರು ಇರಲಿಲ್ಲ.