ಬಾಣಲೆ ಡಾಕ್ಟ್ರಮ್ಮ

ಶಿಶುವಿಹಾರದ ಅಡುಗೆಯಾಕೆಗೆ ಬೀದಿಯವರು ಬಾಣಲೆ ಡಾಕ್ಟ್ರಮ್ಮ ಎಂದು ಹೆಸರಿಟ್ಟಿದ್ದರು. ಅವರು ತಮಾಷೆಗೆ ಇಟ್ಟದ್ದನ್ನು ಆಕೆ ಬಿರುದೆಂದೇ ತಿಳಿದಿದ್ದಳು. ಮಗು ಬಿಳಿಚಿಕೊಂಡಿದೆ, ಆಡುವಾಗ ಏದುಸಿರು ಬಿಡುತ್ತದೆ ಎಂದು ಯಾವ ತಾಯಿ ಬಂದರೂ ಮಗುವಿನ ಕೆಳರೆಪ್ಪೆ ಎಳೆದು ನೋಡಿ, "ರಕ್ತ ಇಲ್ಲ" ಎಂದು ತೀರ್ಪು ಕೊಡುವಳು. ಔಷಧಿಯೂ ಆಕೆಯದೇ: ಹಿತ್ತಲಿನ ಸೊಪ್ಪು, ನೆನೆಸಿದ ಕಾಳು, ಬೆಲ್ಲ ಸೇರಿಸಿ ಕುಟ್ಟಿದ ಎಳ್ಳು, ಮೇಲಿಷ್ಟು ನಿಂಬೆರಸ. ಬೇಯುವುದೆಲ್ಲ ಅಜ್ಜಿಯ ಕಾಲದ ಕಬ್ಬಿಣದ ಬಾಣಲೆಯಲ್ಲೇ ಬೇಯಬೇಕು. ಮೇಲ್ವಿಚಾರಕಿ ಹೊಸ ಸ್ಟೀಲ್ ಪಾತ್ರೆ ತಂದುಕೊಟ್ಟಾಗ ಅದರಲ್ಲಿ ಈರುಳ್ಳಿ ತುಂಬಿಟ್ಟಳು. ಯಾರ ಮಾತಿಗೂ ಸೊಪ್ಪು ಹಾಕುವವಳಲ್ಲ.

ಇಂಥ ಮಹಾವೈದ್ಯೆಯ ಮನೆಯಲ್ಲೇ ನಾಲ್ಕು ವರ್ಷದ ಮೊಮ್ಮಗಳು ಗೋಡೆಯ ಸುಣ್ಣ ಕೆರೆದು ತಿನ್ನುತ್ತಿದ್ದಳು. ಮೆಟ್ಟಿಲು ಹತ್ತುವಾಗ ನಡುವೆ ಕೂತುಬಿಡುತ್ತಿದ್ದಳು. ಬೇರೆಯವರ ಮಗುವಾಗಿದ್ದರೆ ಎಂದೋ ತೀರ್ಪು ಬಂದಿರುತ್ತಿತ್ತು. ತನ್ನದೇ ಆದ್ದರಿಂದ, "ಅವಳ ಬಣ್ಣಾನೇ ಹಾಗೆ, ಅವರಮ್ಮನ ಕಡೇದು" ಎಂದು ತಪ್ಪನ್ನು ಸೊಸೆಯ ತವರಿನ ಮೇಲೆ ಹಾಕಿ ಕೈ ತೊಳೆದುಕೊಂಡಳು.

ಒಂದು ಬೆಳಿಗ್ಗೆ ಸೊಸೆ ಮಗುವನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಹೊರಟಳು. ನರ್ಸಿಗೆ ನಾಲ್ಕು ಬುದ್ಧಿಮಾತು ಹೇಳಿದಂತಾಯಿತೆಂದು ಅತ್ತೆಯೂ ಹಿಂದೆಯೇ ಹೋದಳು. ಬೆರಳು ಚುಚ್ಚಿ ನೋಡಿದರು. ಹನ್ನೊಂದಾದರೂ ಇರಬೇಕಾದ ಹಿಮೋಗ್ಲೋಬಿನ್ ಏಳೂವರೆ ಇತ್ತು.

"ನಿಮ್ಮ ಮಷೀನ್ ಕೆಟ್ಟಿದೆ," ಎಂದಳು ಡಾಕ್ಟ್ರಮ್ಮ.

ನರ್ಸ್ ಜಗಳಕ್ಕೆ ಬರಲಿಲ್ಲ. "ಮಗೂಗೆ ಏನೇನ್ ಕೊಡ್ತೀರಾ, ಹೇಳಿಮ್ಮ."

ಕೇಳಲಿ ಎಂದೇ ಕಾದಿದ್ದ ಪ್ರಶ್ನೆ. ಸೊಪ್ಪಿನಿಂದ ನಿಂಬೆಯವರೆಗೆ ಎಲ್ಲವನ್ನೂ ಒಪ್ಪಿಸಿ, ಕೊನೆಗೆ ತನ್ನ ಗುಟ್ಟನ್ನೂ ಬಿಟ್ಟುಕೊಟ್ಟಳು. "ಸೊಪ್ಪು ಅಂದ್ರೆ ಮಕ್ಕಳು ಮೂತಿ ತಿರುಗಿಸ್ತವೆ. ಅದಕ್ಕೇ ತಟ್ಟೆ ಖಾಲಿ ಮಾಡ್ದೋರಿಗೆ ಅರ್ಧ ಲೋಟ ಟೀ. ಒಂದು ಎಲೆ ಬಿಡಲ್ಲ! ಮನೇಲೂ ಅಷ್ಟೇ, ಶಿಶುವಿಹಾರದಲ್ಲೂ ಅಷ್ಟೇ. ಹತ್ತೊಂಬತ್ತು ವರ್ಷದಿಂದ."

ನರ್ಸ್ ಪೆನ್ನು ಕೆಳಗಿಟ್ಟಳು. "ಊಟದಲ್ಲಿರೋ ಕಬ್ಬಿಣದ ಅಂಶ ಮೈಗೆ ಹತ್ತೋಕೆ ಟೀ ಬಿಡಲ್ಲಮ್ಮ. ಬಾಣಲೇಲಿ ಕೊಟ್ಟಿದ್ದನ್ನ ಲೋಟದಲ್ಲಿ ಕಿತ್ಕೊಂಡಿದ್ದೀರಿ. ನಿಮ್ಮಡುಗೆ ಚೆನ್ನಾಗಿದೆ, ಅದನ್ನ ನಿಲ್ಲಿಸ್ಬೇಡಿ, ಟೀ ನಿಲ್ಲಿಸಿ. ಆದ್ರೆ ಏಳೂವರೆಗೆ ಊಟ ಒಂದೇ ಸಾಲಲ್ಲ, ಈ ಸಿರಪ್ಪೂ ಬೇಕು."

ಸೊಸೆ ಗೋಡೆಯ ಮೇಲಿದ್ದ ಲಸಿಕೆಯ ಪಟ್ಟಿಯನ್ನು ಬಹಳ ಶ್ರದ್ಧೆಯಿಂದ ಓದತೊಡಗಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಸೌಜನ್ಯಕ್ಕೆ ಅತ್ತೆಯ ಮೈಯೆಲ್ಲ ಉರಿಯಿತು.

ಮಾರನೆಯ ದಿನ ಮನೆಯಲ್ಲೂ ಶಿಶುವಿಹಾರದಲ್ಲೂ ಟೀ ನಿಂತಿತು. ಹಾಲಿನ ಪುಡಿ ಮುಗಿದಿದೆ ಎಂಬ ಒಂದೇ ಸುಳ್ಳು ಮಕ್ಕಳಿಗೂ ಮೇಲ್ವಿಚಾರಕಿಗೂ ಸಾಕಾಯಿತು. ಮೂರು ಮೊಳ ಎತ್ತರವಿಲ್ಲದ ಗಿರಾಕಿಗಳು ಸೊಪ್ಪನ್ನು ಬೆಂಚಿನಡಿ ತಳ್ಳಿ ಮುಷ್ಕರ ಹೂಡಿದರು. ಮೊದಲ ವಾರ ಬೆಂಚಿಗೇ ಕಬ್ಬಿಣಾಂಶ ಹೆಚ್ಚಾಗಿರಬೇಕು. ಆಮೇಲೆ ಹಸಿವೇ ಡಾಕ್ಟ್ರಮ್ಮನ ಪಕ್ಷ ವಹಿಸಿತು.

ಮೂರು ತಿಂಗಳಲ್ಲಿ ಮೊಮ್ಮಗಳದು ಹತ್ತೂವರೆ ದಾಟಿತು. ಸುಣ್ಣದ ರುಚಿ ಮರೆತು, ಮೆಟ್ಟಿಲನ್ನು ಓಡಿ ಹತ್ತಿದಳು. ಬಾಣಲೆಯ ಮಹಿಮೆ ಎಂದರು ಬೀದಿಯವರು. ಡಾಕ್ಟ್ರಮ್ಮ ತಿದ್ದುವ ಗೋಜಿಗೆ ಹೋಗಲಿಲ್ಲ. ದಿನಾ ತಪ್ಪದೆ ಕುಡಿಸುತ್ತಿದ್ದ ಸಿರಪ್ಪಿನ ಬಾಟಲಿ ಅಕ್ಕಿ ಡಬ್ಬದ ಹಿಂದೆ ಭದ್ರವಾಗಿತ್ತು.

ಅದೇ ಮಹಿಮೆ ಕೇಳಿಕೊಂಡು ಒಬ್ಬ ಹುಡುಗಿ ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ಆಕೆಯ ತುಟಿಯೂ ಬಿಳುಪು, ಮಗುವಿನದೂ ಬಿಳುಪು.

"ಗುರುತು ಸಿಕ್ತಾ? ನೀವು ಕೆಲಸಕ್ಕೆ ಸೇರಿದ ವರ್ಷ ನಾನು ಇಲ್ಲೇ ಇದ್ದೆ. ನನಗೆ ಚಿಕ್ಕಂದಿನಿಂದ್ಲೂ ರಕ್ತ ಕಡಿಮೆ. ಹೆರಿಗೇಲಿ ಎರಡು ಬಾಟ್ಲಿ ರಕ್ತ ಏರಿಸಿ ಉಳಿಸಿದ್ರು. ನಿಮ್ಮ ಕೈ ಊಟ ಉಂಡಿದ್ದಕ್ಕೆ ಅಷ್ಟಾದ್ರೂ ಗಟ್ಟಿ ಇದ್ದೆ ಅಂತಾರೆ ನಮ್ಮಮ್ಮ. ಇವಳಿಗೂ ನೀವೇ ಏನಾದ್ರೂ ಹೇಳಿ."

ಡಾಕ್ಟ್ರಮ್ಮ ಅಭ್ಯಾಸಬಲದಿಂದ ಮಗುವಿನ ರೆಪ್ಪೆಗೆ ಕೈ ನೀಡಿದಳು. ರೆಪ್ಪೆ ಎಳೆಯದೆ ಕೈ ಹಿಂತೆಗೆದಳು. ಹಾಲಿನ ಪುಡಿಯ ನೆಪ ಇಲ್ಲಿ ನಡೆಯುವಂತಿರಲಿಲ್ಲ.

ಬೆಂಚಿನ ಮೇಲಿದ್ದ ತಟ್ಟೆಗಳನ್ನು ಸರಿಸಿ ಜಾಗ ಮಾಡಿದಳು.

"ಕೂತ್ಕೋ ಮಗಳೇ. ಮಗೂನ ಇಬ್ರೂ ಸೇರಿ ನರ್ಸ್ ಹತ್ರ ಕರ್ಕೊಂಡು ಹೋಗೋಣ. ಅದಕ್ಕೆ ಮುಂಚೆ, ನಿನಗೆ ನಾನು ಏನ್ ಮಾಡಿದೀನಿ ಅಂತ ಹೇಳ್ಬಿಡ್ತೀನಿ."