ಸುಟ್ಟ ಕಟ್ಟಡದ ಹಸಿರು ಚುಕ್ಕೆ

ಬಾದಿ ಕಳೆದ ಮಂಗಳವಾರ ಪೋರ್ಟ್ ಸುಡಾನಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಹೃದಯ ನಿಂತಿತು. ನಿಲ್ಲಬಹುದೆಂದು ವೈದ್ಯರು ಮೊದಲೇ ಹೇಳಿದ್ದರು. ನಿಲ್ಲದಂತೆ ಎದೆಯೊಳಗೆ ಕೂರಿಸುವ ಪುಟ್ಟ ಯಂತ್ರ ಅದೇ ಊರಿನ ಒಬ್ಬ ವ್ಯಾಪಾರಿಯ ಕಪಾಟಿನಲ್ಲಿತ್ತು. ಅದರ ಹಣ ಮಸ್ಕತ್ತಿನಿಂದ ಹೊರಟಿತ್ತು. ಬರಲಿಲ್ಲ.

ಸಾವಿನ ಮನೆಯ ಶಾಮಿಯಾನದಲ್ಲಿ ಎಲ್ಲರೂ ದೇವರ ಇಚ್ಛೆ ಎಂದರು. ನಾನೂ ಎಂದೆ. ಆದರೆ ದೇವರಿಗೂ ಬಾದಿಗೂ ನಡುವೆ ಬೇರೆ ಕೆಲವರು ನಿಂತಿದ್ದರು. ಅವರ ವಿಷಯವನ್ನು ಯಾರೂ ಎತ್ತಲಿಲ್ಲ.

ಒಮ್‌ಡುರ್ಮಾನಿನಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದೇ ಮಣ್ಣಿನ ಗೋಡೆ. ನಾನು ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಅವನು ಹೊಳೆಯಾಚೆ ಖಾರ್ಟೂಮಿನಲ್ಲಿ, ಒಂದು ಬ್ಯಾಂಕಿನ ಪ್ರಧಾನ ಕಚೇರಿಯಲ್ಲಿ, ವಿದೇಶಿ ಪಾವತಿ ವಿಭಾಗದ ಗುಮಾಸ್ತ. ಲೋಕದ ಪ್ರತಿ ಬ್ಯಾಂಕಿಗೂ ಒಂದು ಗುರುತಿನ ಕೋಡ್ ಇರುತ್ತದೆ, ಅದಿಲ್ಲದೆ ದೇಶದಿಂದ ದೇಶಕ್ಕೆ ಹಣ ಹೋಗುವುದಿಲ್ಲ. ಸಂಜೆ ಗೋಡೆಯ ಮೇಲೆ ಮೊಣಕೈ ಊರಿ ನಿಂತು ನನಗೂ ಪಾಠ ಮಾಡುತ್ತಿದ್ದ.

"ಮೊದಲ ನಾಲ್ಕಕ್ಷರ ಬ್ಯಾಂಕು, ಆಮೇಲೆರಡು ದೇಶ, ಇನ್ನೆರಡು ಊರು. ಕೊನೇ ಮೂರು ಶಾಖೆ. ಆ ಮೂರು ಬಿಟ್ರಿ ಅಂದ್ಕೊಳ್ಳಿ ಮೇಷ್ಟ್ರೇ, ಹಣ ಸೀದಾ ಪ್ರಧಾನ ಕಚೇರಿಗೆ ಹೋಗಿ ಕೂತ್ಕೊಳ್ಳುತ್ತೆ. ಮಗಳ ಮನೆಗೆ ಅಂತ ಹೊರಟೋನು ಬೀಗರ ಮನೇಲಿ ಮಲಗಿದ ಹಾಗೆ."

"ಯಾವಾಗ ಏಳ್ತಾನಂತೆ?"

"ಬೀಗರು ಎಬ್ಬಿಸಿದಾಗ."

ಯುದ್ಧ ಬಂತು. ಅವನ ಕಚೇರಿ ಸುಟ್ಟಿತು. ಎರಡನೇ ಮಹಡಿಯ ತನ್ನ ಕಿಟಕಿಯಿಂದ ಹೊಗೆ ಬರುವುದನ್ನು ರಸ್ತೆಯಲ್ಲಿ ನಿಂತು ನೋಡಿದ, ಒಂದು ಫೋಟೋ ತೆಗೆದುಕೊಂಡ. ಹೆಂಡತಿ ಬತೂಲಳನ್ನು ಕರೆದುಕೊಂಡು ಹೊರಟ. ನಾನೂ ಅದೇ ಬಸ್ಸು ಹತ್ತಿದೆ. ಕಡಲದಂಡೆಯ ಈ ಊರಿಗೆ ಬಂದು ಬಿದ್ದೆವು. ಬ್ಯಾಂಕೂ ಬಂತು, ಇಲ್ಲಿನ ಶಾಖೆಯಲ್ಲಿ ಉಸಿರು ಹಿಡಿದುಕೊಂಡು ಕೂತಿತು. ಬಾದಿಗೆ ಮಾತ್ರ ಅದರಲ್ಲಿ ಕುರ್ಚಿ ಇರಲಿಲ್ಲ.

ಆಗ ಅವನು ತನ್ನದೇ ಒಂದು ಕೆಲಸ ಹುಟ್ಟಿಸಿಕೊಂಡ. ವಿದೇಶದ ಒಂದು ಕಂಪನಿ ಜಗತ್ತಿನ ಬ್ಯಾಂಕ್ ಕೋಡ್‌ಗಳನ್ನೆಲ್ಲ ತನ್ನ ಸರ್ವರ್‌ನಲ್ಲಿ ಇಟ್ಟುಕೊಂಡಿದೆ. ಅದರ ಎಪಿಐಗೆ, ಅಂದರೆ ಪ್ರೋಗ್ರಾಂಗಳು ಪ್ರಶ್ನೆ ಹಾಕುವ ಕಿಂಡಿಗೆ, ಚಂದಾ ಕಟ್ಟಿದರೆ ನಮ್ಮ ಪ್ರೋಗ್ರಾಂ ಅದನ್ನು ನೇರವಾಗಿ ಕೇಳಬಹುದು: ಈ ಕೋಡ್ ಯಾರದು? ಬ್ಯಾಂಕಿನ ಹೆಸರು, ಊರು, ಶಾಖೆ ಬರುತ್ತವೆ. ಜೊತೆಗೆ, ಚಾಲ್ತಿಯಲ್ಲಿದ್ದರೆ ಒಂದು ಹಸಿರು ಚುಕ್ಕೆ. ಬಾದಿ ಅಂಥ ಪ್ರೋಗ್ರಾಂ ಬರೆದು ತನ್ನ ವಾಟ್ಸ್ಆ್ಯಪ್ ನಂಬರಿಗೆ ಜೋಡಿಸಿದ. ಪರದೇಶದಲ್ಲಿ ದುಡಿಯುವ ನಮ್ಮವರು ಮನೆಗೆ ಹಣ ಹಾಕುವ ಮೊದಲು ಅವನಿಗೆ ಕೋಡ್ ಕಳಿಸಿ ಕೇಳತೊಡಗಿದರು.

ಉತ್ತರ ಮಾತ್ರ ಸೀದಾ ಹೋಗುತ್ತಿರಲಿಲ್ಲ. ಮೊದಲು ಬಾದಿಯ ಮುಂದೆ ಬಂದು ನಿಲ್ಲುತ್ತಿತ್ತು. ಆ ಶಾಖೆ ನಿಜವಾಗಿ ಬಾಗಿಲು ತೆರೆದಿದೆಯೇ ಎಂದು ಆ ಊರಿನ ಯಾರಿಗಾದರೂ ಫೋನ್ ಮಾಡಿ ಕೇಳಿಯೇ ಅವನು ಮುಂದಕ್ಕೆ ಬಿಡುತ್ತಿದ್ದ. ಇದಕ್ಕಾಗಿ ಬೈಸಿಕೊಳ್ಳುತ್ತಿದ್ದ. ಒಮ್ಮೆ ರಸ್ತೆಬದಿ ಚಹಾ ಮಾರುವ ಅಮೂನಾಳ ಮರದಡಿ ಲಾರಿ ಮಾಲೀಕನೊಬ್ಬ ರೇಗಿದ:

"ಕಣ್ಮುಚ್ಚಿ ತೆಗೆಯೋದ್ರೊಳಗೆ ಯಂತ್ರ ಹೇಳುತ್ತಂತಲ್ಲಯ್ಯಾ. ನೀನ್ಯಾಕೆ ಅರ್ಧ ದಿನ ಕಾಯಿಸ್ತೀಯ?"

"ಯಂತ್ರಕ್ಕೆ ಯುದ್ಧ ಆಗಿರೋದು ಗೊತ್ತಿಲ್ಲ ಕಣಪ್ಪ. ಯಾರೂ ಅದಕ್ಕೆ ಹೇಳಿಲ್ಲ."

ಶುಂಠಿ ಕುಟ್ಟುತ್ತಿದ್ದ ಅಮೂನಾ ತಲೆಯೆತ್ತಿದಳು. "ಗೊತ್ತಿಲ್ವಾ? ಹಂಗಾದ್ರೆ ನನ್ನೂ ಅದರೊಳಗೇ ಹಾಕ್ಬಿಡು ಬಾದಿಯಣ್ಣ. ಅಲ್ಲಿ ನನ್ ಮನೆಗಿನ್ನೂ ಚಾವಣಿ ಇರ್ತದೆ."

ಸುಟ್ಟ ಪ್ರಧಾನ ಕಚೇರಿಯ ಮುಂದೆಯೂ ಆ ಹಸಿರು ಚುಕ್ಕೆ ಇತ್ತು. ಬಾದಿ ಕಂಪನಿಗೆ ಬರೆದ. ಉತ್ತರ ಬಂತು: ತಿದ್ದುಪಡಿ ಸೂಚಿಸಿದ್ದಕ್ಕೆ ಧನ್ಯವಾದ, ನಮ್ಮ ಮಾಹಿತಿ ಅಧಿಕೃತ ದಾಖಲೆಯಿಂದ ಬರುತ್ತದೆ. ಅಧಿಕೃತ ದಾಖಲೆಗೆ ಬ್ಯಾಂಕೇ ಹೇಳಬೇಕು. ಬಾದಿ ಬ್ಯಾಂಕಿನ ಶಾಖೆಗೆ ಹೋದ. ಅಲ್ಲಿನ ವ್ಯವಸ್ಥಾಪಕ ಹೇಳಿದ: "ಪ್ರಧಾನ ಕಚೇರಿ ಇಲ್ಲ ಅಂತ ನಾವೇ ಬರ್ಕೊಟ್ರೆ ಬ್ಯಾಂಕೇ ಇಲ್ಲ ಅಂದ ಹಾಗಲ್ವೇನಯ್ಯ? ಖಾರ್ಟೂಮಿಗೆ ವಾಪಸ್ ಹೋಗೋರಲ್ವಾ ನಾವು." ಹೀಗೆ ಆ ಕಟ್ಟಡ ಕಾಗದದ ಮೇಲೆ ಉಳಿಯಿತು.

ಆಮೇಲೆ ಬಾದಿ ಮೆಟ್ಟಿಲ ಮೇಲೆ ಬಿದ್ದ. ನಾಡಿ ತೀರ ನಿಧಾನವಾಗಿತ್ತು, ನಡುನಡುವೆ ತಪ್ಪುತ್ತಿತ್ತು. ಯಂತ್ರ ಕೂರಿಸಲೇಬೇಕು ಎಂದರು ವೈದ್ಯರು. ವ್ಯಾಪಾರಿ ವಿದೇಶಿ ಹಣ ತನ್ನ ಖಾತೆಗೆ ಬೀಳದೆ ಯಂತ್ರ ಕೊಡುವವನಲ್ಲ. ಅವನ ಖಾತೆ ಇದ್ದದ್ದು ಬಾದಿ ದುಡಿದ ಬ್ಯಾಂಕಿನ ಇದೇ ಊರಿನ ಶಾಖೆಯಲ್ಲಿ. ಬಾದಿಯ ಸೋದರಮಾವನ ಮಗ ಹಸಬ್ಬೊ ಮಸ್ಕತ್ತಿನಲ್ಲಿ ವಿದ್ಯುತ್ ಗುತ್ತಿಗೆದಾರ. ಅವನು ಅಲ್ಲಿನ ನಮ್ಮವರಿಂದ ನೆರವು ಕೂಡಿಸಿದ.

ನಮ್ಮಲ್ಲಿ ರೋಗಿಗಾಗಿ ನೆರವು ಕೂಡಿಸುವಾಗ ಅದು ರೋಗಿಯ ಕಿವಿಗೆ ಬೀಳಬಾರದು. ಬಿದ್ದರೆ ಅವನ ತಲೆ ತಗ್ಗುತ್ತದೆ, ಔಷಧಿಗಿಂತ ಸಂಕೋಚ ಹೆಚ್ಚು ಕೆಲಸ ಮಾಡುತ್ತದೆ. ಬಾದಿಯೇ ಬೇರೆಯವರಿಗಾಗಿ ಹೀಗೆ ಎಷ್ಟೋ ಸಲ ಕದ್ದುಮುಚ್ಚಿ ಕೂಡಿಸಿದ್ದ. ಈಗ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡರು. ಯಂತ್ರದ ಮಾತು ಬಂದಾಗೆಲ್ಲ ಬತೂಲ್ "ಆಸ್ಪತ್ರೆಯೋರೇ ತರಿಸ್ತಿದಾರೆ" ಎನ್ನುತ್ತಿದ್ದಳು. ಅವನು ನಂಬಿದನೋ, ನಂಬಿದಂತೆ ಮಾಡಿದನೋ.

ಆಸ್ಪತ್ರೆ ಸೇರಿದ ದಿನವೇ ಬಾದಿ ತನ್ನ ಪ್ರೋಗ್ರಾಂ ಬದಲಿಸಿದ್ದ. "ನನಗೋಸ್ಕರ ಜನ ಕಾಯೋದು ಬೇಡ ಮೇಷ್ಟ್ರೇ, ಉತ್ತರ ತಾನೇ ಹೋಗ್ಲಿ" ಎಂದ. ಪ್ರತಿ ಉತ್ತರದ ಕೆಳಗೂ ಒಂದು ಸಾಲು ಸೇರಿಸಿದ: ಇದನ್ನು ಬಾದಿ ನೋಡಿಲ್ಲ, ಕಳಿಸುವ ಮೊದಲು ಬಾದಿಗೆ ಫೋನ್ ಮಾಡಿ.

ವ್ಯಾಪಾರಿ ಕೊಟ್ಟದ್ದು ಎಂಟು ಅಕ್ಷರದ ಕೋಡ್, ಶಾಖೆಯ ಕೊನೆಯ ಮೂರು ಇಲ್ಲದೆ. ಯುದ್ಧಕ್ಕೆ ಮುಂಚೆ ಅಷ್ಟೇ ಸಾಕಾಗುತ್ತಿತ್ತು. ಪ್ರಧಾನ ಕಚೇರಿ ಅಲ್ಲಿಂದ ಶಾಖೆಗೆ ದಾಟಿಸುತ್ತಿತ್ತು. ಈಗ ದಾಟಿಸುವವರು ಅಲ್ಲಿರಲಿಲ್ಲ. ಹಸಬ್ಬೊ ಅಜಾಗರೂಕನಲ್ಲ. ತನ್ನ ಹೆಸರು ಕಾಣದಿರಲೆಂದು ಗೆಳೆಯನ ಫೋನಿನಿಂದ ಬಾದಿಯ ನಂಬರಿಗೇ ಆ ಕೋಡ್ ಕಳಿಸಿ ಪರೀಕ್ಷಿಸಿದ. ಬ್ಯಾಂಕಿನ ಹೆಸರು ಸರಿ, ದೇಶ ಸರಿ, ಹಸಿರು ಚುಕ್ಕೆ. ಕೆಳಗಿನ ಸಾಲನ್ನೂ ಓದಿದ. ಬಾದಿಗೆ ಫೋನ್ ಮಾಡಿ. ಆದರೆ ಲೋಕದಲ್ಲಿ ಈ ವಿಷಯ ಕೇಳಬಾರದವನು ಅವನೊಬ್ಬನೇ ಆಗಿದ್ದ.

ಹಣ ಕಳಿಸಿದ.

ಹಸಬ್ಬೊ ಹೋಗಿದೆ ಎನ್ನುತ್ತಿದ್ದ, ವ್ಯಾಪಾರಿ ಬಂದಿಲ್ಲ ಎನ್ನುತ್ತಿದ್ದ. ಬತೂಲ್ ಅಂಗಡಿಗೆ ಹೋಗಿ ಅತ್ತಳು. ಜೊತೆಗೆ ನಾನಿದ್ದೆ.

"ಅಮ್ಮಾ, ಕಲ್ಲೆದೆಯೋನಲ್ಲ ನಾನು," ಎಂದ ವ್ಯಾಪಾರಿ. "ಈ ಕಪಾಟಿನಿಂದ ಯಂತ್ರ ಹೋಗಿ ಹಣ ಬರದಿದ್ರೆ, ಮುಂದಿನ ರೋಗಿಗೆ ಎಲ್ಲಿಂದ ತರ್ಲಿ? ಬಂದ ಕ್ಷಣ ನಾನೇ ಹೊತ್ಕೊಂಡು ಬರ್ತೀನಿ."

ಅವನ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಈ ಕಥೆಯಲ್ಲಿ ಯಾರ ಮಾತಿನಲ್ಲೂ ತಪ್ಪು ಸಿಗುವುದಿಲ್ಲ. ನನ್ನ ಸಂಕಟ ಅದೇ.

ಬಾದಿಯ ತುಟಿ ನೀಲಿಯಾಗತೊಡಗಿದಾಗ ಬತೂಲ್ ಪದ್ಧತಿ ಮುರಿದಳು. ಮಧ್ಯಾಹ್ನ, ಕರೆಂಟಿಲ್ಲ. ರಟ್ಟಿನ ತುಂಡಿನಿಂದ ಗಾಳಿ ಹಾಕುತ್ತಲೇ ಎಲ್ಲ ಹೇಳಿದಳು. ಅವನು ಬೈಯಲಿಲ್ಲ. ಫೋನ್ ಇಸಿದುಕೊಂಡು ಹಸಬ್ಬೊನನ್ನು ಹಿಡಿದ.

"ಎಂಟೇ ಅಕ್ಷರ ಹಾಕಿದ್ಯೇನೋ?"

"ಅಣ್ಣಾ... ನಿನ್ ಪ್ರೋಗ್ರಾಮೇ ಹಸಿರು ತೋರಿಸ್ತು."

"ಕೆಳಗಡೆ ಏನು ಬರೆದಿತ್ತು?"

ಆ ಕಡೆ ಗಂಡಸು ಅಳುವ ಸದ್ದು.

"ಅಳಬೇಡ್ವೋ ಕತ್ತೆ. ನಾನಾಗಿದ್ರೂ ನಿನ್ನ ಕೇಳ್ತಿರ್ಲಿಲ್ಲ. ಹೋಗು, ವಾಪಸ್ ತರಿಸು."

ಹಸಬ್ಬೊ ಅಂದೇ ಮಸ್ಕತ್ತಿನ ಬ್ಯಾಂಕಿಗೆ ಹೋದ. ಹಣ ಪಡೆಯಬೇಕಾದ ಕಚೇರಿ ಒಪ್ಪಿಗೆ ಕಳಿಸಿದರೆ ವಾಪಸಾಗುತ್ತದೆ ಎಂದರು ಅವರು. ಆ ಕಚೇರಿ ಸುಟ್ಟಿದೆ ಎಂದ ಇವನು. ನಮ್ಮ ಪರದೆಯಲ್ಲಿ ಚಾಲ್ತಿಯಲ್ಲಿದೆ ಎಂದು ತಿರುಗಿಸಿ ತೋರಿಸಿದರಂತೆ. ಇಲ್ಲಿ ನಾವು ಈ ಸಲ ಬಾದಿಯ ಎದುರಿಗೇ ಮತ್ತೆ ನೆರವು ಕೂಡಿಸತೊಡಗಿದೆವು. ಅಮೂನಾ ಕಿವಿಯ ಓಲೆ ತಂದುಕೊಟ್ಟಳು. ಬಾದಿ ಗೋಡೆಯ ಕಡೆ ಮುಖ ತಿರುಗಿಸಿದ.

ಕೊನೆಯ ಸಂಜೆ ದಿಂಬಿಗೆ ಒರಗಿಸಿ ಕೂರಿಸು ಎಂದ ಬತೂಲಳಿಗೆ. ಕಂಪನಿಗೆ ಮತ್ತೊಮ್ಮೆ ಬರೆದ: ಈ ಕಟ್ಟಡದ ಎರಡನೇ ಮಹಡಿಯಲ್ಲಿ ನಾನು ಕೆಲಸ ಮಾಡುತ್ತಿದ್ದೆ, ಅದು ಈಗಿಲ್ಲ, ದಯವಿಟ್ಟು ಮುಚ್ಚಿದೆ ಎಂದು ತೋರಿಸಿ. ಹೊಗೆಯ ಫೋಟೋ ಲಗತ್ತಿಸಿದ. ಉತ್ತರ ಆ ಕ್ಷಣವೇ ಬಂತು. ಅದೇ ಧನ್ಯವಾದ.

"ಎಷ್ಟು ಬೇಗ ನೋಡಿ ಮೇಷ್ಟ್ರೇ," ಎಂದ. "ನಮ್ಮ ವೈದ್ಯರು ಇವರಿಂದ ಕಲೀಬೇಕು."

ಅಷ್ಟರಲ್ಲಿ ಫೋನ್ ಮತ್ತೆ ಮಿನುಗಿತು. ಕುವೈತಿನಿಂದ ಯಾರೋ ಅದೇ ಎಂಟು ಅಕ್ಷರ ಕಳಿಸಿದ್ದರು, ಪ್ರೋಗ್ರಾಂ ಹಸಿರು ಚುಕ್ಕೆಯ ಉತ್ತರವನ್ನು ಆಗಲೇ ಕೊಟ್ಟಾಗಿತ್ತು. ಬಾದಿ ಆ ನಂಬರಿಗೆ ಫೋನ್ ಮಾಡಿದ. ಎತ್ತಿದ್ದು ಒಬ್ಬ ಹೆಂಗಸು.

"ಅಮ್ಮಾ, ನಾನು ಬಾದಿ. ಈಗ ಬಂದ ಉತ್ತರ ನಂಬಬೇಡಿ. ಆ ಕಚೇರಿ ಸುಟ್ಟಿದೆ. ಯಾವೂರಿಗೆ ಕಳಿಸ್ಬೇಕು? ಪೋರ್ಟ್ ಸುಡಾನಾ? ಪೆನ್ ತಗೊಳ್ಳಿ."

ಅವಳು ಪೆನ್ ಹುಡುಕುವಷ್ಟು ಹೊತ್ತು ಕಣ್ಣು ಮುಚ್ಚಿ ಕಾದ. ಬತೂಲ್ ಫೋನ್ ಕಿತ್ತುಕೊಳ್ಳಲು ಹೋದಳು, ಕೈ ಅಡ್ಡ ಮಾಡಿದ. ಆಮೇಲೆ ಶಾಖೆಯ ಮೂರು ಅಕ್ಷರಗಳನ್ನು ಒಂದೊಂದಾಗಿ, ನಡುವೆ ಉಸಿರೆಳೆದುಕೊಳ್ಳುತ್ತಾ ಹೇಳಿದ. ಓದಿ ಹೇಳಿ ಎಂದ. ಅವಳು ಓದಿದಳು, ಎರಡನೆಯದನ್ನು ತಪ್ಪಾಗಿ. ತಿದ್ದಿ, ಇನ್ನೊಮ್ಮೆ ಓದಿಸಿ, "ಹಾಂ, ಈಗ ಕಳಿಸಿ" ಎಂದ.